ಡಾರ್ಕಸಕ್ಕನ ಮೂರು ಈರುಳ್ಳಿ ಹಾಗೂ ಮಿತಿಮೀರಿದ ಹೊಗಳಿಕೆ

ಕಣಿವೆ ತರಕಾರಿ ಪ್ರದರ್ಶನ ಇಲಾಖೆ, ಯಾರ್ಕ್‌ಷೈರ್
ಸಂಖ್ಯೆ: ತಪ್ರಇ/ಈರುಳ್ಳಿ/ಹೊಗಳಿಕೆ/3
ದಿನಾಂಕ: ಪ್ರದರ್ಶನ ಮುಗಿದ ಸೋಮವಾರ

ಸುತ್ತೋಲೆ

ವಿಷಯ: ‘ಗ್ಲೇವರ್’ ಎಂಬ ಹಳೆಯ ಪದದ ಅರ್ಥ ಮತ್ತು ಬಳಕೆ ಕುರಿತು.

ಉಲ್ಲೇಖ: 1. ತೀರ್ಪುಗಾರರು ಶನಿವಾರ ಆಡಿದ ಮಾತು. 2. ಅದನ್ನು ಕೇಳಿ ಪ್ರದರ್ಶನದ ಡೇರೆಯಲ್ಲಿ ಉಂಟಾದ ಮೌನ.

ಪ್ರಸ್ತಾವನೆ: ಇದರ ಅಕ್ಷರ ಅಕ್ಷರವೂ ನಡೆದದ್ದೇ ಎಂದು ಇಲಾಖೆಯು ತನ್ನ ತಕ್ಕಡಿಯ ಮೇಲೆ ಕೈಯಿಟ್ಟು ಪ್ರಮಾಣ ಮಾಡುತ್ತದೆ. (ಆಗ ತಕ್ಕಡಿ ತೋರಿಸಿದ ತೂಕವನ್ನು ಪರಿಗಣಿಸತಕ್ಕದ್ದಲ್ಲ.)

‘ಒಂದೇ ಅಚ್ಚಿನ ಮೂರು ಈರುಳ್ಳಿ’ ವಿಭಾಗದಲ್ಲಿ ಶ್ರೀಮತಿ ಡಾರ್ಕಸ್ ಔತ್‌ವೇಟ್ ಅವರ ಗಡ್ಡೆಗಳನ್ನು ಕಂಡ ತೀರ್ಪುಗಾರ ಈನಕ್ ಬಾರ್ಸ್ಟೋ ಅವರು, “ಅಬ್ಬಬ್ಬಾ ಡಾರ್ಕಸಕ್ಕಾ, ನನ್ ಜನ್ಮದಲ್ಲೇ ಇಂಥವು ನೋಡಿಲ್ಲ. ಅದ್ಭುತ ಕಣಕ್ಕಾ!” ಎಂದು ಉದ್ಗರಿಸಿರುತ್ತಾರೆ. ಕೂಡಲೇ ವಾದ್ಯದವರು ಊದುವುದನ್ನು ನಿಲ್ಲಿಸಿದರು. ತೀರ್ಪುಗಾರರಿಗೆ ಏನೋ ಆಯಿತೆಂದು ಡಾಕ್ಟರನ್ನು ಕರೆಯಲು ಇಬ್ಬರು ಓಡಿದರು.

ಪ್ರತಿಸ್ಪರ್ಧಿ ಜೇಬೆಜ್ ಸಗ್ಡನ್ ಅವರು, “ಬೆಳಿಗ್ಗೇನೇ ಹಂದಿ ಕಡುಬು ತಿನ್ಸಿದಾಳೆ, ಅದಕ್ಕೇ ಇವ್ನು ಪೂಸಿ ಹೊಡೀತಿದಾನೆ. ಗ್ಲೇವರ್ರು, ಶುದ್ಧ ಗ್ಲೇವರ್ರು!” ಎಂದು ಆಕ್ಷೇಪಿಸಿದ್ದರಿಂದ ಮೊದಲ ಬಹುಮಾನದ ಕೆಂಪು ಚೀಟಿಯನ್ನು ತಡೆಹಿಡಿಯಲಾಗಿದೆ. ಸತತ ಹದಿನಾಲ್ಕು ವರ್ಷ ಎರಡನೆಯ ಬಹುಮಾನದ ನೀಲಿ ಚೀಟಿಯನ್ನೇ ಪಡೆದಿರುವ ಸದರಿ ಶ್ರೀಮತಿಯವರು, “ಹದಿನೈದ್ನೇ ನೀಲಿ ಕೊಟ್ಟು ನೋಡ್ರಿ, ಅದನ್ನೂ ಒಲೆಗಾಕ್ತೀನಿ, ನಿಮ್ ಡೇರೇನೂ ಒಲೆಗಾಕ್ತೀನಿ” ಎಂದು ಮನವಿ ಸಲ್ಲಿಸಿರುತ್ತಾರೆ.

ಆದ್ದರಿಂದ ಈ ಮೂಲಕ ಸಮಸ್ತರಿಗೂ ಸೂಚಿಸಲಾಗಿದೆ:

1. ಗ್ಲೇವರ್ ಎಂದರೆ ಮುಖಸ್ತುತಿ, ಬೆಣ್ಣೆ ಹಚ್ಚುವುದು. ಮುತ್ತಜ್ಜಿಯರ ಕಾಲದ ಪದ. ಈಗಿನವರು ಪದ ಮರೆತಿದ್ದಾರೆ, ಕೆಲಸ ಮರೆತಿಲ್ಲ.

2. ಈ ಕಣಿವೆಯಲ್ಲಿ ಹೊಗಳಿಕೆಯ ಗರಿಷ್ಠ ಮಿತಿ ಎಂದಿನಂತೆ “ಕೆಟ್ಟದ್ದೇನಲ್ಲ” ಎಂಬುದೇ. ಅದನ್ನೂ ಜೇಬಿನಲ್ಲಿ ಕೈಯಿಟ್ಟು, ಡೇರೆಯ ಕಂಬ ನೋಡುತ್ತಾ ಹೇಳತಕ್ಕದ್ದು.

3. “ಒಳ್ಳೆಯವನು” ಎಂಬುದನ್ನು ಶವಸಂಸ್ಕಾರದಲ್ಲಿ ಮಾತ್ರ, ಸಂಬಂಧಪಟ್ಟವರಿಗೆ ಕೇಳಿಸದೆಂದು ಖಚಿತಪಡಿಸಿಕೊಂಡು ಬಳಸತಕ್ಕದ್ದು.

4. ಹೆಂಡತಿಯ ಅಡುಗೆ ರುಚಿಸಿದಲ್ಲಿ ಮೌನವಾಗಿ ಎರಡನೇ ಸಲ ಬಡಿಸಿಕೊಳ್ಳಬಹುದು. ಮೂರನೇ ಸಲ ಬಡಿಸಿಕೊಂಡರೆ ಗ್ಲೇವರ್ ಎಂದು ಪರಿಗಣಿಸಲಾಗುವುದು.

5. ನಾಯಿಗಳಿಗೂ ಇದು ಅನ್ವಯ. ಸಗ್ಡನ್ ಅವರು ತಮ್ಮ ನಾಯಿಯನ್ನು ಒಮ್ಮೆ “ಜಾಣೆ” ಎಂದ ದಿನದಿಂದ ಅದು ಗುಡ್ಡದ ಮೇಲೆ ಮಲಗಿರುತ್ತದೆ, ಕುರಿಗಳು ಅದನ್ನು ಕಾಯುತ್ತವೆ.

6. “ಅದ್ಭುತ”ವನ್ನು ರದ್ದುಪಡಿಸಲಾಗಿದೆ. ಸದರಿ ಕಡುಬು ತಿನ್ನದ ಮೂವರು ಈರುಳ್ಳಿಗಳನ್ನು ಖುದ್ದು ನೋಡಿ “ಕೆಟ್ಟದ್ದೇನಲ್ಲ” ಎಂದು ಸಹಿ ಮಾಡಿದಲ್ಲಿ ಕೆಂಪು ಚೀಟಿ ನೀಡಲಾಗುವುದು. ಪಾದ್ರಿಗಳ ಸಹಿ ಬಂದಿದೆ. ಎರಡನೆಯದು ಸಗ್ಡನ್ ಅವರದೇ. ಗಡ್ಡೆಗಳ ಮುಂದೆ ಅರ್ಧ ಗಂಟೆ ನಿಂತು, “ಥತ್, ಕೆಟ್ಟದ್ದೇನಲ್ಲ, ಕೊಡೋ ಪೆನ್ನು” ಎಂದಿರುತ್ತಾರೆ. ಮೂರನೆಯದು ಬಾಕಿ ಇದೆ; ಉಳಿದ ಊರೆಲ್ಲ ಕಡುಬು ತಿಂದಿರುವುದು ತನಿಖೆಯಿಂದ ಕಂಡುಬಂದಿದೆ.

ಸಹಿ/-
ಆಮಸ್ ಪಿಕರ್ಸ್‌ಗಿಲ್
ಕಾರ್ಯದರ್ಶಿ (ಕಡುಬು ತಿಂದವರು)

ಪ್ರತಿಗಳು:
1. ತೀರ್ಪುಗಾರರಿಗೆ, ಡಾಕ್ಟರ ಮುಖಾಂತರ.
2. ಸಗ್ಡನ್ ಅವರ ನಾಯಿಗೆ, ಕುರಿಗಳ ಮುಖಾಂತರ.
3. ಶ್ರೀಮತಿ ಔತ್‌ವೇಟ್ ಅವರಿಗೆ, ಇದನ್ನು ಒಲೆಯಿಂದ ದೂರವಿಡುವ ಷರತ್ತಿಗೊಳಪಟ್ಟು.
4. ಇದನ್ನು ಓದುತ್ತಿರುವ ತಮಗೆ. ತಾವು ಕಡುಬು ತಿಂದಿಲ್ಲವೆಂದು ಇಲಾಖೆಗೆ ಗೊತ್ತಿದೆ. ಈರುಳ್ಳಿ ಮೊಳೆಯುವುದರೊಳಗೆ ಬಂದು ಸಹಿ ಹಾಕತಕ್ಕದ್ದು.