ಇಪ್ಪತ್ತೈದರ ಮೇಲೊಂದು ರೊಟ್ಟಿ

ಆ ನೌಕರಿ ನನಗೇ ಎಂದು ತೀರ್ಮಾನವಾಗಿಬಿಟ್ಟಿತ್ತು. ತೀರ್ಮಾನ ಮಾಡಿದವನು ನಾನೇ. ಗದಗಿನಲ್ಲಿ ಹೊಸದಾಗಿ ಶುರುವಾಗಿದ್ದ ರೊಟ್ಟಿ ಮತ್ತು ಶೇಂಗಾ ಚಟ್ನಿಯ ಕಾರ್ಖಾನೆಗೆ ಪ್ಯಾಕಿಂಗ್ ವಿಭಾಗದ ಮೇಲ್ವಿಚಾರಕ ಬೇಕಾಗಿದ್ದ. ನಾನೋ ಹತ್ತಿ ಮಿಲ್ಲಿನಲ್ಲಿ ಹದಿನೆಂಟು ವರ್ಷ ಸ್ಟೋರ್ ಕೀಪರ್ ಆಗಿದ್ದವನು. ಹತ್ತಿಯ ಅಂಡಿಗೆಗಳನ್ನೇ ಎಣಿಸಿದವನಿಗೆ ಚಟ್ನಿ ಪೊಟ್ಟಣ ಯಾವ ಲೆಕ್ಕ!

ಮಿಲ್ಲು ಮುಚ್ಚಿ ಎಂಟು ತಿಂಗಳಾಗಿತ್ತು. ಅಲ್ಲಿಂದೀಚೆಗೆ ಮುಂಡರಗಿಯ ನಮ್ಮ ಮನೆ ನಡೆಯುತ್ತಿದ್ದದ್ದು ಹೆಂಡತಿ ಗಿರಿಜಾ ಬಡಿಯುವ ಜೋಳದ ರೊಟ್ಟಿಯಿಂದ. ಹಿತ್ತಲಿನಲ್ಲಿ ಮೂರು ಒಲೆ. ಗಿರಿಜಾಳ ಜೊತೆಗೆ ಓಣಿಯ ಹಿರಿಯಳು ದ್ಯಾಮವ್ವ ಮತ್ತು ಪಕ್ಕದ ಮನೆಯ ಫಾತಿಮಾಬಿ. ಸಂತೆಯಲ್ಲಿ ಯಾರಾದರೂ "ಈಗ ಏನ್ ಮಾಡಾಕತ್ತೀರಿ?" ಎಂದು ಕೇಳಿದರೆ ನಾನು "ಬಿಸಿನೆಸ್ಸು" ಎಂದು ಹೇಳಿ ಬೇಗಬೇಗ ನಡೆದುಬಿಡುತ್ತಿದ್ದೆ. ನಿಜವಾಗಿ ನಾಚಿಕೆಯಾಗುತ್ತಿತ್ತು. ಮುಂಜಾನೆ ಬುತ್ತಿ ಡಬ್ಬಿ ಹಿಡಿದು ಹೊರಡುವ ಮನುಷ್ಯ ನಾನು ಮತ್ತೆ ಆಗಬೇಕಿತ್ತು. ಈ ನೌಕರಿ ನನಗೆ ಬೇಕೇ ಬೇಕಿತ್ತು.

ಸಂದರ್ಶನಕ್ಕೆ ತಯಾರಿ ಮಾಡಿಸಲು ಫಾತಿಮಾಬಿಯ ಮಗಳು ರೇಷ್ಮಾ ಬಂದಳು. ಗದಗಿನಲ್ಲಿ ಎಂ.ಕಾಂ. ಓದುವ ಹುಡುಗಿ. ನಾನು ನನ್ನ ಅನುಭವದ ಪ್ರಮಾಣಪತ್ರವನ್ನು ತೋರಿಸಿದೆ. ಅವಳು ಅದನ್ನು ನೋಡಲೂ ಇಲ್ಲ.

"ಕಾಕಾ, ಈಗಿನ ಇಂಟರ್‌ವ್ಯೂದಾಗ ಎಷ್ಟ ವರ್ಷ ಕೆಲಸಾ ಮಾಡೀರಿ ಅಂತ ಕೇಳಂಗಿಲ್ರಿ. ಯಾರೂ ಹೇಳದನ, ನೀವಾಗೇ ಮುಂದ ಬಂದು ಏನ ಮಾಡಿದ್ರಿ, ಒಂದ ಪ್ರಸಂಗ ಹೇಳ್ರಿ ಅಂತ ಕೇಳ್ತಾರ."

"ಹೇಳದನ ಯಾಕ ಮಾಡಬೇಕವಾ?"

"ಅದಕ್ಕ ಇನಿಶಿಯೇಟಿವ್ ಅಂತಾರ್ರಿ. ಮತ್ತ ಅದರಿಂದ ಏನ ಫಾಯದೆ ಆತು ಅನ್ನೂದನ್ನ ನಂಬರಿನಾಗ ಹೇಳಬೇಕ್ರಿ. 'ಚಲೋ ಆತು' ಅಂದ್ರ ನಡಿಯಂಗಿಲ್ಲ. ಎಷ್ಟು ಚಲೋ ಆತು ಅಂತ ಹೇಳಬೇಕು."

ಅಂದು ಮಧ್ಯಾಹ್ನವೆಲ್ಲ ಕಟ್ಟೆಯ ಮೇಲೆ ಕುಳಿತು ನನ್ನ ಹದಿನೆಂಟು ವರ್ಷಗಳನ್ನು ಜಾಲಾಡಿದೆ. ಯಾರೂ ಹೇಳದೆ ನಾನಾಗಿ ಮಾಡಿದ ಕೆಲಸ ಒಂದೇ ಒಂದು ಸಿಕ್ಕಿತು. ಕರೆಂಟು ಉಳಿಯಲಿ ಎಂದು ಒಮ್ಮೆ ಫ್ಯಾನ್ ಬಂದ್ ಮಾಡಿದ್ದೆ. ಅದರ ಕೆಳಗೆ ಮ್ಯಾನೇಜರ್ ಸಾಹೇಬರು ಮಲಗಿದ್ದರು. ಅದರ ಪರಿಣಾಮವೂ ಅಂಕಿಯಲ್ಲಿಯೇ ಇತ್ತು: ಮೂರು ದಿನ ಅಮಾನತು.

ಸಂದರ್ಶನಕ್ಕೆ ಇನ್ನೂ ಆರು ದಿನ ಇತ್ತು. ಹಿಂದೆ ಮಾಡಿಲ್ಲವೆಂದರೆ ಈಗ ಮಾಡಿದರಾಯಿತು! ಕಾರ್ಯಕ್ಷೇತ್ರ ಹಿತ್ತಲಿನಲ್ಲಿಯೇ ಇತ್ತು.

ಮರುದಿನ ಗಡಿಯಾರ, ನೋಟ್‌ಬುಕ್ಕು ಹಿಡಿದು ಮೂರು ಒಲೆಗಳ ಎದುರು ಕುರ್ಚಿ ಹಾಕಿಕೊಂಡೆ. ಅರ್ಧ ತಾಸಿನಲ್ಲಿ ದೋಷ ಪತ್ತೆಯಾಯಿತು. ಈ ಮೂವರೂ ಮಾತಾಡುತ್ತಿದ್ದರು! ಯಾರ ಮನೆಯಲ್ಲಿ ಯಾರು ಬಸುರಿ, ಯಾರ ಎಮ್ಮೆ ಈಯಿತು, ಯಾರ ಮಗನಿಗೆ ಕನ್ಯಾ ಗೊತ್ತಾಯಿತು. ರೊಟ್ಟಿ ಬಡಿಯುವ ಸಪ್ಪಳಕ್ಕಿಂತ ಮಾತಿನ ಸಪ್ಪಳವೇ ಜಾಸ್ತಿ. ಕೂಡಲೇ ಒಂದು ಹಲಗೆಯ ಮೇಲೆ 'ಕೆಲಸದ ವೇಳೆಯಲ್ಲಿ ಮಾತು ನಿಷೇಧಿಸಲಾಗಿದೆ' ಎಂದು ದುಂಡಗೆ ಬರೆದು ಗೋಡೆಗೆ ನೇತುಹಾಕಿದೆ.

ದ್ಯಾಮವ್ವ ಅದನ್ನು ಓದಿಸಿಕೊಂಡು ಕೇಳಿ, "ತಮ್ಮಾ, ಬಾಯಿ ನಿಂತ್ರ ಕೈ ಆಡಂಗಿಲ್ಲೋ" ಎಂದಳು. ನಾನು ಹಲಗೆಯ ಕಡೆಗೆ ಬೆರಳು ತೋರಿಸಿದೆ.

ಗಿರಿಜಾ ಆಗಷ್ಟೇ ಫೋನಿನಲ್ಲಿ ಆರುನೂರು ಕಡಕ್ ರೊಟ್ಟಿಯ ಆರ್ಡರ್ ಹಿಡಿದು ಬಂದಿದ್ದಳು. ಹಮ್ಮಿಗಿಯಲ್ಲಿ ಯಾರದೋ ಮನೆಯ ಕುಬಸ, ಚೊಚ್ಚಲ ಬಸುರಿಗೆ ಮಾಡುವ ಸೀಮಂತ. "ರೀ, ಈ ಹಮ್ಮಿಗಿ ಆರ್ಡರ್ ಯಾರ ಮನೀದು ಗೊತ್ತೇನ್ರಿ, ಅವರು..." ಎಂದಳು. ನಾನು ಹಲಗೆಯ ಕಡೆಗೆ ಬೆರಳು ತೋರಿಸಿದೆ. ಇಬ್ಬರು ಹೆಂಗಸರ ಎದುರು ಗಂಡ ಹೀಗೆ ಬಾಯಿ ಮುಚ್ಚಿಸಿದರೆ ಯಾವ ಹೆಂಡತಿ ಸುಮ್ಮನಿದ್ದಾಳು? ಗಿರಿಜಾ ಸುಮ್ಮನಾದಳು. ಹಿತ್ತಲಿನಲ್ಲಷ್ಟೇ ಅಲ್ಲ, ಅಡುಗೆಮನೆಯಲ್ಲಿ, ಪಡಸಾಲೆಯಲ್ಲಿ, ಊಟದ ಹೊತ್ತಿನಲ್ಲಿ ಕೂಡ. ನನ್ನ ನಿಯಮ ಇಷ್ಟು ಬೇಗ ಇಷ್ಟು ದೂರ ಹಬ್ಬಿದ್ದನ್ನು ನಾನು ಯಶಸ್ಸೆಂದೇ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಆದರೆ ರೊಟ್ಟಿಯ ಸಂಖ್ಯೆ ಹೆಚ್ಚಾಗಲಿಲ್ಲ. ಬಡಿಯುವವರು "ತಗೋ" ಎನ್ನಬೇಕು, ಬೇಯಿಸುವವರು "ತಾ" ಎನ್ನಬೇಕು, ಹಂಚಿನ ಮೇಲಿನದು ಸೀಯುತ್ತಿದ್ದರೆ ಯಾರಾದರೂ "ಹೊಳ್ಳಿಸವಾ" ಎನ್ನಬೇಕು. ಈಗ ಯಾರೂ ಏನೂ ಅನ್ನುತ್ತಿರಲಿಲ್ಲ. ರೊಟ್ಟಿ ಕಣ್ಣೆದುರೇ ಸೀಯುತ್ತಿತ್ತು, ಮೂವರೂ ಅದನ್ನು ಬಹಳ ಶಿಸ್ತಿನಿಂದ ನೋಡುತ್ತಿದ್ದರು. ಮೂರು ದಿನ ಕಳೆದರೂ ಸಂದರ್ಶನದಲ್ಲಿ ಹೇಳುವಂಥ ಒಂದು ಅಂಕಿ ಕೈಗೆ ಸಿಗಲಿಲ್ಲ.

ನಾಲ್ಕನೆಯ ದಿನ ಸಿಕ್ಕಿತು!

ಗಿರಿಜಾ ರೊಟ್ಟಿಗಳನ್ನು ಇಪ್ಪತ್ತೈದರಂತೆ ಎಣಿಸಿ ಕಟ್ಟು ಕಟ್ಟುತ್ತಿದ್ದಳು. ಎಣಿಸಿ ಮುಗಿದ ಮೇಲೆ, ಯಾರೂ ನೋಡುತ್ತಿಲ್ಲವೆಂಬಂತೆ, ಮೇಲೆ ಇನ್ನೊಂದು ರೊಟ್ಟಿ ಇಡುತ್ತಿದ್ದಳು. ನಾನು ಕಣ್ಣುಜ್ಜಿಕೊಂಡು ಮತ್ತೆ ನೋಡಿದೆ. ಮುಂದಿನ ಕಟ್ಟಿಗೂ ಮೇಲೊಂದು! ಇದು ಎಷ್ಟು ತಿಂಗಳಿಂದ ನಡೆಯುತ್ತಿರುವ ಸೋರಿಕೆಯೋ!

"ಇದ್ಯಾಕ ಮ್ಯಾಲೊಂದು?" ಎಂದು ಕೇಳಿದೆ.

ಗಿರಿಜಾ ತಲೆ ಎತ್ತಿದಳು. ನಿಧಾನವಾಗಿ ಹಲಗೆಯ ಕಡೆಗೆ ಬೆರಳು ತೋರಿಸಿದಳು. ದ್ಯಾಮವ್ವನನ್ನು ಕೇಳಿದೆ. ಅವಳೂ ಬೆರಳು ತೋರಿಸಿದಳು. ಫಾತಿಮಾಬಿಯಂತೂ ನಾನು ಕೇಳುವ ಮೊದಲೇ ತೋರಿಸಿದಳು. ಮೂವರಿಗೂ ಕಾರಣ ಗೊತ್ತಿಲ್ಲ, ಆದ್ದರಿಂದ ಕಾರಣವೇ ಇಲ್ಲ ಎಂಬ ನಿರ್ಣಯಕ್ಕೆ ನಾನು ಬಂದೆ.

ಹಮ್ಮಿಗಿಗೆ ಹೋಗುವ ಕಟ್ಟುಗಳನ್ನು ನಾನೇ ಕಟ್ಟುತ್ತೇನೆಂದು ಘೋಷಿಸಿದೆ. ಇಪ್ಪತ್ನಾಲ್ಕು ಕಟ್ಟು, ಒಂದೊಂದರಲ್ಲಿ ಇಪ್ಪತ್ತೈದು, ಕರಾರುವಾಕ್ಕಾಗಿ ಆರುನೂರು. ಕಟ್ಟುಗಳನ್ನು ಹೇರಿಕೊಂಡು ಟಂಟಂ ಗಾಡಿ ಹೋದ ಮೇಲೆ ಪಡಸಾಲೆಯಲ್ಲಿ ಉಳಿದ ಇಪ್ಪತ್ನಾಲ್ಕು ರೊಟ್ಟಿಗಳ ಗುಡ್ಡೆಯನ್ನು ಗಿರಿಜಾಳಿಗೆ ತೋರಿಸಿದೆ. ಆರುನೂರಕ್ಕೆ ಇಪ್ಪತ್ನಾಲ್ಕು, ಅಂದರೆ ನೂರಕ್ಕೆ ನಾಲ್ಕು ಉಳಿತಾಯ! ಅವಳ ಕಣ್ಣು ದೊಡ್ಡವಾದವು. ಬಾಯಿ ತೆರೆದಳು. ಆಮೇಲೆ ಏನು ನೆನಪಾಯಿತೋ, ಬಾಯಿ ಮುಚ್ಚಿ ಒಳಗೆ ಹೋದಳು. ಮೆಚ್ಚುಗೆಯಿಂದ ಮಾತು ಹೊರಡುತ್ತಿಲ್ಲ ಎಂದುಕೊಂಡೆ. ಮುಂದಿನ ಎರಡು ದಿನ ಆ ಉಳಿತಾಯವನ್ನೇ ಮೂರು ಹೊತ್ತೂ ತಿಂದೆ. ಬೇರೇನನ್ನೂ ಅವಳು ಬಡಿಸಲಿಲ್ಲ.

ಸಂದರ್ಶನದ ದಿನ ಇಸ್ತ್ರಿ ಅಂಗಿ ಹಾಕಿಕೊಂಡು ಹೊರಟೆ. ಬುತ್ತಿಗೆಂದು ಉಳಿದಿದ್ದ ಎರಡು ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡೆ. ರೇಷ್ಮಾಳ ಸಲಹೆಯಂತೆ ಮೊಬೈಲು ಬಂದ್ ಮಾಡಿದೆ. ಗದಗಿನ ಬಸ್ಸು ಹೊರಡುವಾಗ ಕಿಟಕಿಯಿಂದ ನೋಡುತ್ತೇನೆ, ಗಿರಿಜಾ ಬಸ್ ಸ್ಟ್ಯಾಂಡಿನವರೆಗೆ ಓಡಿ ಬಂದಿದ್ದಾಳೆ! ಎರಡೂ ಕೈ ಮೇಲೆತ್ತಿ ಜೋರಾಗಿ ಬೀಸುತ್ತಿದ್ದಳು, ಏನೋ ಹೇಳುತ್ತಿದ್ದಳು. ಬಸ್ಸಿನ ಸದ್ದಿನಲ್ಲಿ ಒಂದಕ್ಷರ ಕೇಳಿಸಲಿಲ್ಲ. ಮದುವೆಯಾಗಿ ಇಪ್ಪತ್ತು ವರ್ಷವಾದರೂ ಎಂಥ ಪ್ರೀತಿ! ನಾನೂ ಎರಡೂ ಕೈ ಬೀಸಿದೆ. ಡಂಬಳ ದಾಟುವವರೆಗೆ ಎದೆ ತುಂಬಿಕೊಂಡೇ ಇತ್ತು.

ಸಂದರ್ಶನದ ಕೋಣೆಯಲ್ಲಿ ಇಬ್ಬರಿದ್ದರು. ಪ್ರಶ್ನೆ ಕೇಳಲು ಒಬ್ಬ ಮೇಡಂ, ಪಕ್ಕದಲ್ಲಿ ಬಿಳಿ ಮೀಸೆಯ ಮಾಲೀಕರು. ಮಾಲೀಕರು ಯಾವುದೋ ಬೇಸರದಲ್ಲಿ ಕಿಟಕಿಯ ಹೊರಗೆ ನೋಡುತ್ತಿದ್ದರು. ಮೇಡಂ ಮೊದಲು ಅದೇ ಪ್ರಶ್ನೆ ಕೇಳಿದರು: "ಯಾರೂ ಹೇಳದೆ, ನೀವಾಗಿಯೇ ಒಂದು ಸುಧಾರಣೆ ಮಾಡಿದ ಪ್ರಸಂಗ ಹೇಳಿ."

ನನಗೆ ಕುರ್ಚಿಯಿಂದ ಎದ್ದು ಕುಣಿಯುವಂತಾಯಿತು. ರೇಷ್ಮಾ ಎಂಬ ದೇವತೆಗೆ ಮನಸ್ಸಿನಲ್ಲಿಯೇ ಕೈಮುಗಿದು ಶುರುಮಾಡಿದೆ.

"ಮೇಡಮ್ಮರ, ನಮ್ಮ ಘಟಕದೊಳಗ ಪ್ರತಿ ಇಪ್ಪತ್ತೈದು ರೊಟ್ಟಿಗೆ ಮ್ಯಾಲೊಂದು ಪುಕ್ಕಟ ಹೋಗತಿತ್ರಿ. ತಿಂಗಳಗಟ್ಟಲೆ ಯಾರೂ ಲಕ್ಷ್ಯ ಕೊಟ್ಟಿರಲಿಲ್ಲ. ನಾನು ಪತ್ತೆ ಹಚ್ಚಿ ಒಂದ ದಿನದಾಗ ಬಂದ್ ಮಾಡಿದೆ."

"ಬಹಳ ಚೆನ್ನಾಗಿದೆ. ಪರಿಣಾಮ ಎಷ್ಟು?"

"ಒಂದ ಆರ್ಡರಿನಾಗ ಇಪ್ಪತ್ನಾಲ್ಕು ರೊಟ್ಟಿ ಉಳದ್ವು. ನೂರಕ್ಕ ನಾಲ್ಕು."

ಮೇಡಂ ಬರೆದುಕೊಂಡರು. ಅವರು ಬರೆದುಕೊಂಡದ್ದನ್ನು ನೋಡಿ ನನಗೆ ಇನ್ನಷ್ಟು ಹುರುಪು ಬಂತು. ಯಾರೂ ಕೇಳದಿದ್ದರೂ ಮುಂದುವರಿದೆ. ಅದೂ ಇನಿಶಿಯೇಟಿವ್ ಅಲ್ಲವೇ? "ಮೊನ್ನಿ ಹಮ್ಮಿಗ್ಯಾಗ ಒಂದ ಕುಬಸ ಇತ್ರಿ. ಆರುನೂರು ಅಂದ್ರ ಆರುನೂರ ಕಳಿಸಿದೆ. ಬೇಕಾದ್ರ ಸಾಕ್ಷಿ ನೋಡ್ರಿ" ಎಂದು ಬುತ್ತಿ ಬಿಚ್ಚಿ ಎರಡೂ ರೊಟ್ಟಿಯನ್ನು ಮೇಜಿನ ಮೇಲೆ ಇಟ್ಟೆ.

ಮಾಲೀಕರು ಕಿಟಕಿಯಿಂದ ಮುಖ ತಿರುಗಿಸಿದರು. ಒಂದು ರೊಟ್ಟಿಯನ್ನು ಕೈಗೆತ್ತಿಕೊಂಡು, ಕಳೆದುಹೋದ ದನ ಸಿಕ್ಕವರ ಹಾಗೆ ಅದನ್ನೇ ನೋಡಿದರು.

"ಹಮ್ಮಿಗ್ಯಾಗ ಯಾರ ಮನಿ ಕುಬಸರಿ ಅದು?" ಬಹಳ ಮೆಲ್ಲಗೆ ಕೇಳಿದರು.

"ಗೊತ್ತಿಲ್ರಿ. ನಮ್ಮ ಘಟಕದಾಗ ಅನಾವಶ್ಯಕ ಮಾತು ಬಂದ್ ಮಾಡೀನ್ರಿ."

"ನಮ್ಮ ಮನೀದು. ನನ್ನ ಮಗಳದು."

ನಾನು ಮೇಜಿನ ಮೇಲಿದ್ದ ಇನ್ನೊಂದು ರೊಟ್ಟಿಯನ್ನು ಬುತ್ತಿಯ ಬಟ್ಟೆಯಿಂದ ಮುಚ್ಚಿದೆ.

"ನಮ್ಮ ಮಷೀನ್ ರೊಟ್ಟಿ ಬ್ಯಾಡ, ಕೈಲೆ ಬಡದದ್ದ ಬೇಕಂತ ಮಗಳು ಹಟಾ ಹಿಡದಿದ್ಲು. ಬೀಗರು ಲಕ್ಷ್ಮೇಶ್ವರದವರು" ಎಂದು ಮಾಲೀಕರು ಶುರುಮಾಡಿದರು. "ಶಿರಹಟ್ಟಿ ಹತ್ರ ಅವರ ಗಾಡಿ ಪಂಕ್ಚರ್ ಆತು, ತಡಾ ಮಾಡಿ ಬಂದ್ರು. ಕಡೀ ಪಂಕ್ತಿಗೆ ಕುಂತ್ರು, ಅಷ್ಟೊತ್ತಿಗೆ ರೊಟ್ಟಿ ಮುಗದಿದ್ವು. ಹನ್ನೆರಡು ಮಂದಿ. ತಲಾ ಎರಡು ಹಿಡಿದ್ರೂ ಎಷ್ಟ ಬೇಕಾಗತಾವ್ರಿ?"

ಎಂ.ಕಾಂ. ಬೇಕಿರಲಿಲ್ಲ ಆ ಲೆಕ್ಕಕ್ಕೆ. "ಇಪ್ಪತ್ನಾಲ್ಕು" ಎಂದೆ.

"ಶುಭಕಾರ್ಯದ ಮನಿಗೆ ಲೆಕ್ಕಾ ಹಚ್ಚಿ ರೊಟ್ಟಿ ಕೊಡಂಗಿಲ್ರಿ. ಹಾದ್ಯಾಗ ಮುರಿಯೂವು ಇರತಾವು, ಹೇಳದ ಬರೋ ಮಂದಿ ಇರತಾರ. ಅದಕ್ಕ ಮ್ಯಾಲೊಂದು ಇಡೂದು. ನಮ್ಮ ಅವ್ವನೂ ಹಂಗ ಇಡತಿದ್ಲು. ಬೀಗರು ಬರೇ ಅನ್ನ ಉಂಡ ಹೋದ್ರು. ನನ್ನ ಮಗಳು ಎರಡು ದಿನ ಆತು ನನ್ನ ಜೋಡಿ ಮಾತಾಡವಲ್ಲಳು."

"ನಮ್ಮ ಮನ್ಯಾಗೂ ಮಾತಿಲ್ರಿ" ಎಂದೆ. ಸಮಾಧಾನ ಹೇಳಬೇಕೆಂದೇ ಹೇಳಿದ್ದು.

ಅವರು ರೊಟ್ಟಿಯ ಚೂರು ಮುರಿದು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. "ರೊಟ್ಟಿ ಭಾಳ ಚಲೋ ಅದಾವು. ಬಡದಾಕಿ ಕೈಗುಣ ಚಲೋ ಐತಿ. ನೌಕರಿ ಮಾತ್ರ ನಿಮಗ ಆಗಂಗಿಲ್ರಿ" ಎಂದು ಹೇಳಿ ಎರಡನೆಯ ರೊಟ್ಟಿಯನ್ನೂ ತಮ್ಮ ಕಡೆಗೆ ಎಳೆದುಕೊಂಡರು. ನನ್ನ ಬುತ್ತಿಯೂ ಹೋಯಿತು.

ಹೊರಗೆ ಬಂದು ಮೊಬೈಲು ಹಚ್ಚಿದರೆ ಗಿರಿಜಾಳ ಒಂಬತ್ತು ಕರೆ ಇದ್ದವು. ವಾಪಸು ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಕುಳಿತೆ. ಕಣ್ಣು ತುಂಬಿ ಬಂತು. ನೌಕರಿ ಹೋದದ್ದಕ್ಕಲ್ಲ, ಅದು ಇನ್ನೂ ನನ್ನದಾಗಿಯೇ ಇರಲಿಲ್ಲ. ಎಂಟು ತಿಂಗಳಿಂದ ಈ ಸಂಸಾರವನ್ನು ಎತ್ತಿ ಹಿಡಿದವಳ ಕೈಕೆಲಸವನ್ನು ನಾನು ಗಡಿಯಾರ ಹಿಡಿದು ತಿದ್ದಲು ಹೋಗಿದ್ದೆನಲ್ಲ, ಅದಕ್ಕೆ.

ಮನೆಗೆ ಬಂದಾಗ ಗೋಡೆಯ ಮೇಲೆ ಹಲಗೆ ಇರಲಿಲ್ಲ. ಅದರ ಅರ್ಧ ಭಾಗ ಒಲೆಯಲ್ಲಿ ಚೆನ್ನಾಗಿ ಉರಿಯುತ್ತಿತ್ತು. ಮೂವರೂ ಒಂದೇ ಉಸಿರಿಗೆ ಮಾತಾಡುತ್ತಿದ್ದರು, ರೊಟ್ಟಿ ಹಂಚಿನ ಮೇಲೆ ಪೂರಿಯಂತೆ ಉಬ್ಬುತ್ತಿದ್ದವು. ನನ್ನ ಮುಖ ನೋಡಿ ಗಿರಿಜಾಳಿಗೆ ಎಲ್ಲ ಗೊತ್ತಾಯಿತು.

"ಕೈ ಮಾಡಿ ಮಾಡಿ ಹೇಳಿದ್ನೆಲ್ರೀ, ಹಮ್ಮಿಗಿ ಸುದ್ದಿ ಎತ್ತಬ್ಯಾಡ್ರಿ ಅಂತ."

"ನಾನು ಟಾಟಾ ಅಂದ್ಕೊಂಡ್ನಿ."

ದ್ಯಾಮವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ನಕ್ಕಳು. ಗಿರಿಜಾ ನಗಲಿಲ್ಲ. ಹಿಟ್ಟಿನ ಕೈ ಒರೆಸಿಕೊಂಡು, ಒಂದು ಬುಟ್ಟಿ ರೊಟ್ಟಿಯನ್ನು ನನ್ನ ಮುಂದೆ ತಂದಿಟ್ಟಳು.

"ಇಲ್ಲೊಂದು ಕೆಲಸಾ ಖಾಲಿ ಐತಿ. ಇಪ್ಪತ್ತೈದು ಎಣಿಸಿದ ಮ್ಯಾಲೆ ಏನ ಮಾಡ್ತೀರಿ?"

"ಮ್ಯಾಲೊಂದು ಇಡ್ತೀನಿ."

"ಯಾಕ ಅಂತ ಕೇಳ್ತೀರೇನು?"

"ಇಲ್ಲ."

"ಕುಂಡ್ರಿ ಹಂಗಾರ."

ಹೀಗೆ ನನಗೆ ನೌಕರಿಯಾಯಿತು. ಈಗ ಸಂತೆಯಲ್ಲಿ ಯಾರಾದರೂ ಕೇಳಿದರೆ ನಿಂತು ಹೇಳುತ್ತೇನೆ, ರೊಟ್ಟಿ ಎಣಿಸುತ್ತೇನೆಂದು. ಖಾಯಂ ಯಾವಾಗ ಮಾಡುತ್ತೀ ಎಂದು ಮೊನ್ನೆ ಗಿರಿಜಾಳನ್ನು ಧೈರ್ಯ ಮಾಡಿ ಕೇಳಿದೆ. ಮೊದಲು ಒಂದು ವಾರ ಎಣಿಕೆ ತಪ್ಪದೆ ಇರಲಿ, ನೋಡೋಣ ಎಂದಿದ್ದಾಳೆ.