ಪೆರುವಿನ ಅಧಿಕೃತ ಹೇಳಿಕೆ

ಲ್ಯುಬೆನ್‌ಗೆ ಇಂಗ್ಲಿಷಿನಲ್ಲಿ ಕದನವಿರಾಮ ಘೋಷಿಸಲು ಬರುತ್ತಿತ್ತು. ಒಂದು ಲೋಟ ನೀರು ಕೇಳಲು ಬರುತ್ತಿರಲಿಲ್ಲ.

ತಪ್ಪು ಅವನದಲ್ಲ. ವಾರ್ನಾ ಎಂಬ ಬಂದರು ಪಟ್ಟಣದಲ್ಲಿ ಅವನು ಓದುತ್ತಿದ್ದ ಕಾಲೇಜಿನಲ್ಲಿ, ಅಂತರರಾಷ್ಟ್ರೀಯ ಸಂಬಂಧ ಓದುವವರಿಗೆ ಇಂಗ್ಲಿಷ್ ಎಂದರೆ ಪತ್ರಿಕೆ, ಪತ್ರಿಕೆ ಎಂದರೆ ಇಂಗ್ಲಿಷ್. ಲಂಡನ್ನಿನಿಂದ ಮೂರು ವಾರ ತಡವಾಗಿ ಒಂದೇ ಒಂದು ಪ್ರತಿ ಬರುತ್ತಿತ್ತು. ಝ್ಲಾತೆವಾ ಮೇಡಂ ಅದನ್ನು ಕತ್ತರಿಯಿಂದ ಕತ್ತರಿಸಿ, ರೇಷನ್ ಕೊಟ್ಟಂತೆ ತಲೆಗೊಂದು ತುಂಡು ಹಂಚುತ್ತಿದ್ದರು. ವಾರಕ್ಕೆ ಐದು ಸಾವಿರ ಅಕ್ಷರ ಓದಿ ಒಪ್ಪಿಸಬೇಕು. ಒಪ್ಪಿಸುವುದಕ್ಕೂ ಒಂದು ಧಾಟಿಯಿತ್ತು: ‘ಸದರಿ ಲೇಖನದಲ್ಲಿ ಲೇಖಕರು ಒತ್ತಿ ಹೇಳಿರುವುದೇನೆಂದರೆ...’ ನಾಲ್ಕು ವರ್ಷ ಹೀಗೆ ಮೇಯ್ದ ಮೇಲೆ ಲ್ಯುಬೆನ್‌ನ ತಲೆ ಹಳೇ ಪೇಪರಿನ ಅಂಗಡಿಯಾಗಿತ್ತು. ಎಲ್ಲರ ಸುದ್ದಿಯೂ ಇತ್ತು, ಅವನದೊಂದು ಬಿಟ್ಟು.

ಇಷ್ಟು ಇಂಗ್ಲಿಷು ಕಳೆದ ವಾರದವರೆಗೆ ಸಾಕಾಗಿತ್ತು. ಈ ವಾರ ಕಾಲೇಜಿನಲ್ಲಿ ಅಣಕು ವಿಶ್ವಸಂಸ್ಥೆ ಸೇರಿತು. ಹೊರದೇಶಗಳಿಂದಲೂ ವಿದ್ಯಾರ್ಥಿಗಳು ಬಂದರು. ಒಬ್ಬೊಬ್ಬರ ಮುಂದೆ ಒಂದೊಂದು ದೇಶದ ಫಲಕ. ಮೂರು ದಿನವೂ ಒಬ್ಬರನ್ನೊಬ್ಬರು ದೇಶದ ಹೆಸರಿನಿಂದಲೇ ಕರೆಯಬೇಕೆಂಬ ನಿಯಮ. ಲ್ಯುಬೆನ್‌ನ ಪಾಲಿಗೆ ಪೆರು ಬಂತು. ಎದುರಿನ ಸಾಲಿನಲ್ಲಿ, ಹಸಿರು ಸ್ವೆಟರಿನ ಹುಡುಗಿಯ ಮುಂದೆ ಬ್ರಿಟನ್.

ಮೊದಲ ದಿನವೇ ಬ್ರಿಟನ್ ಎದ್ದು ನಿಂತು, ‘ಮೀನುಗಾರಿಕೆ ಕುರಿತ ಪೆರುವಿನ ನಿಲುವನ್ನು ನಾವು ಹಾರ್ದಿಕವಾಗಿ ಸ್ವಾಗತಿಸುತ್ತೇವೆ’ ಎಂದು ನಕ್ಕಿತು. ಆ ಒಂದು ನಗುವಿಗೆ ಪೆರುವಿನ ಸರ್ಕಾರ ಬಿದ್ದುಹೋಯಿತು. ಎಂಥ ಇಂಗ್ಲಿಷು! ಆ ದೇಶದ ನೀರು ಕುಡಿದು ಬೆಳೆದವರಿಗಲ್ಲದೆ ಇನ್ಯಾರಿಗೆ ಸಾಧ್ಯ ಎಂದುಕೊಂಡ ಲ್ಯುಬೆನ್.

ಮೂರನೆಯ ದಿನ, ಚಹಾದ ಹೊತ್ತಿನಲ್ಲಿ, ಅವಳೇ ಹತ್ತಿರ ಬಂದು ಕೇಳಿದಳು: ‘ಉಭಯ ದೇಶಗಳ ಸಂಬಂಧದ ಭವಿಷ್ಯದ ಬಗ್ಗೆ ಪೆರು ಏನಾದರೂ ಹೇಳಬಯಸುತ್ತದೆಯೆ?’

ಅವಳ ಕಿವಿಯ ಹಿಂದೊಂದು ಪೆನ್ಸಿಲು ಸಿಕ್ಕಿಕೊಂಡಿತ್ತು. ಲ್ಯುಬೆನ್ ಆ ಪೆನ್ಸಿಲನ್ನು ನೋಡುತ್ತ, ನಾಲ್ಕು ವರ್ಷದ ಅಭ್ಯಾಸಬಲದಿಂದ ಉತ್ತರಿಸಿದ: ‘ಈ ಹಂತದಲ್ಲಿ ಯಾವುದೇ ಪ್ರತಿಕ್ರಿಯೆ ನೀಡಲಾಗದು.’

ಅವಳು ತಲೆ ತಗ್ಗಿಸಿ ಹೊರಟುಹೋದಳು. ಅಷ್ಟೇ ಆದದ್ದು. ಆದರೆ ಆ ಒಂದು ವಾಕ್ಯ ಲ್ಯುಬೆನ್‌ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ನಿಂತುಬಿಟ್ಟಿತು. ಮರುದಿನ ಸಂಜೆ ಐದು ನಲವತ್ತಕ್ಕೆ ರಾಜಧಾನಿ ಸೋಫಿಯಾಕ್ಕೆ ರೈಲು. ಅವಳು ಅದರಲ್ಲಿ ಹೋಗುತ್ತಾಳೆ. ಹೋದರೆ ಹೋದಂತೆಯೇ.

ಬೆಳಿಗ್ಗೆ ಬಾಡಿಗೆ ಕೋಣೆಯ ಕನ್ನಡಿಯ ಮುಂದೆ ನಿಂತು ಅವನು ಇಂಗ್ಲಿಷಿನಲ್ಲಿ ತಾಲೀಮು ಶುರುಮಾಡಿದ. ಮನೆಯೊಡತಿ ದೋನ್ಕಾ ಚಿಕ್ಕಮ್ಮ ಚೀಸ್ ತುಂಬಿದ ಬಿಸಿ ಬಾನಿತ್ಸಾದ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಳು.

“ಯಾರ ಹತ್ರ ಜಗಳ ಆಡ್ತಿದೀಯೋ?”

“ಜಗಳ ಅಲ್ಲ ಚಿಕ್ಕಮ್ಮ. ಒಂದು ಹುಡುಗಿಗೆ... ಹೇಳ್ಬೇಕು.”

“ಹಾಗಾದ್ರೆ ನನಗೆ ಅರ್ಥ ಆಗೋ ಹಾಗೆ ಹೇಳು ನೋಡಣ.”

ಲ್ಯುಬೆನ್ ಕೆಮ್ಮಿ ಗಂಟಲು ಸರಿಮಾಡಿಕೊಂಡ. “ಬಲ್ಲ ಮೂಲಗಳ ಪ್ರಕಾರ, ಈ ಹೃದಯದಲ್ಲಿ ಕಳೆದ ಮೂರು ದಿನಗಳಿಂದ ಪರಿಸ್ಥಿತಿ ಉದ್ವಿಗ್ನವಾಗಿದೆ. ಬ್ರಿಟನ್ ನಿರ್ಗಮಿಸಿದಲ್ಲಿ ತುಂಬಲಾರದ ನಷ್ಟ ಉಂಟಾಗಲಿದೆ ಎಂದು ಆತಂಕ ವ್ಯಕ್ತಪಡಿಸಲಾಗಿದೆ.”

ದೋನ್ಕಾ ಚಿಕ್ಕಮ್ಮ ತಟ್ಟೆ ಕೆಳಗಿಟ್ಟಳು. “ಇದೇನು ಪ್ರೀತಿನೋ, ಆಲಿಕಲ್ಲು ಬಿದ್ದ ದ್ರಾಕ್ಷಿತೋಟದ ವರದಿನೋ? ಯಾರು ವ್ಯಕ್ತಪಡಿಸಿದ್ದು ಆತಂಕನ? ನೀನಾ, ಮಂತ್ರಿನಾ? ಸುಮ್ನೆ ಐ ಲವ್ ಯೂ ಅನ್ನು. ಅಷ್ಟು ನನಗೂ ಬರತ್ತೆ.”

“ಅದನ್ನ ಬನಿಯನ್ ಮೇಲೆಲ್ಲ ಅಚ್ಚು ಹಾಕಿರ್ತಾರೆ ಚಿಕ್ಕಮ್ಮ. ಇಂಗ್ಲಿಷಿನವಳ ಮುಂದೆ ಹೋಗಿ ಬನಿಯನ್ ಓದ್ಲಾ?”

“ಅದೂ ಸರಿನೇ,” ಎಂದು ಚಿಕ್ಕಮ್ಮ ಬಾಲ್ಕನಿಗೆ ಹೋಗಿ, ಇಡೀ ಬೀದಿಗೆ ಕೇಳುವಂತೆ ಮೇಲಿನ ಮನೆಗೆ ಕೂಗಿದಳು. “ಗೆಂಚೋ! ಏ ಗೆಂಚೋ! ನಮ್ಮ ಹುಡುಗನಿಗೆ ಪ್ರೀತಿ ಬಂದಿದೆ, ಮಾತು ಬರ್ತಿಲ್ಲ! ಬಾ ಕೆಳಗೆ!”

ಗೆಂಚೋ ಮಾಮ ಇಪ್ಪತ್ತೆರಡು ವರ್ಷ ಸರಕು ಹಡಗಿನಲ್ಲಿ ಅಡುಗೆ ಮಾಡಿದವನು. ಅವನ ಇಂಗ್ಲಿಷು ಲಿವರ್‌ಪೂಲಿನಿಂದ ಸಿಂಗಪುರದವರೆಗಿನ ಬಂದರುಗಳಲ್ಲಿ, ಹೆಚ್ಚಾಗಿ ಹೆಂಡದಂಗಡಿಯ ಮೇಜುಗಳ ಅಡಿಯಲ್ಲಿ, ಕಲಿತದ್ದು. ವಿಷಯ ಕೇಳಿ ಅವನು ಲ್ಯುಬೆನ್‌ನನ್ನು ಅಡುಗೆಮನೆಗೆ ಎಳೆದೊಯ್ದು, ಮುಂದೆ ಎರಡು ಕಿಲೋ ಈರುಳ್ಳಿ ಸುರಿದ.

“ಸುಲಿ. ಸುಲೀತಾ ಹೇಳು. ಕಣ್ಣಲ್ಲಿ ನೀರಿಲ್ದೆ ಈ ಮಾತು ಬಾಯಿಂದ ಈಚೆ ಬರಬಾರದು.”

ಗೆಂಚೋ ಮಾಮ ಕಲಿಸಿದ ಇಂಗ್ಲಿಷನ್ನು ಯಥಾವತ್ತಾಗಿ ಇಳಿಸಿದರೆ ಹೀಗಾಗುತ್ತದೆ: ‘ಏನ್ ಚಿನ್ನಾ, ನೀ ಹೊಂಟ್ರ ನನ್ನ ಎದಿ ತಳಾ ಸುಟ್ಟ ಬೋಗಾಣಿ ಆಕ್ಕೈತಿ ನೋಡ. ಇಲ್ಲೇ ಇರಬಾರದೇನ?’ ಇದನ್ನು ಒಂದೇ ಉಸಿರಿಗೆ, ಅರ್ಧ ಅಕ್ಷರ ನುಂಗಿ, ಉಳಿದರ್ಧ ಮೂಗಿನಲ್ಲಿ ಬಿಡಬೇಕು.

“ಇದು ಇಂಗ್ಲಿಷೇನಾ ಮಾಮ?”

“ಇದೇ ಇಂಗ್ಲಿಷು. ನೀನು ಓದೋದು ಇಸ್ತ್ರಿ ಹಾಕಿದ್ದು.”

ಮಧ್ಯಾಹ್ನದ ಹೊತ್ತಿಗೆ ಈರುಳ್ಳಿ ಮುಗಿಯಿತು, ವಾಕ್ಯ ಬಾಯಿಗೆ ಬಂತು, ಕಣ್ಣು ಟೊಮೆಟೊ ಆಯಿತು. ‘ಬಲ್ಲ ಮೂಲಗಳು’ ಎಲ್ಲಿಗೆ ಓಡಿಹೋದವೋ ಗೊತ್ತಾಗಲಿಲ್ಲ. ನಾಲ್ಕೂವರೆಗೆ ಮೂವರೂ ಮೇಲಿನ ವಿದ್ಯುತ್ ತಂತಿ ಹಿಡಿದು ಓಡುವ ಟ್ರಾಲಿಬಸ್ ಹತ್ತಿದರು. ಒಬ್ಬನೇ ಹೋಗುತ್ತೇನೆ ಎಂದು ಲ್ಯುಬೆನ್ ಬೇಡಿಕೊಂಡದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. “ಮೊದಲನೇ ಸಲ ನೋಡೋದು, ಬರಿಗೈಲಿ ಹೋಗ್ತಾರಾ?” ಎಂದು ಚಿಕ್ಕಮ್ಮ ಅಂಜೂರದ ಜಾಮಿನ ಬಾಟಲಿಯನ್ನು ಮಗುವಿನಂತೆ ಎತ್ತಿಕೊಂಡಿದ್ದಳು.

ಬಸ್ಸಿನೊಳಗೆ ಝ್ಲಾತೆವಾ ಮೇಡಂ ಕೂತಿದ್ದರು. ಕೈಯಲ್ಲಿ ಕತ್ತರಿ, ಮಡಿಲಲ್ಲಿ ಮೂರು ವಾರದ ಹಿಂದಿನ ಪ್ರಪಂಚ.

“ಯಾಕೆ ಅಳ್ತಿದ್ದೀರಿ ಲ್ಯುಬೆನ್? ಎಲ್ಲಿಗೆ?”

ಚಿಕ್ಕಮ್ಮನೇ ಬಾಯಿ ಹಾಕಿ ಎಲ್ಲವನ್ನೂ ಹೇಳಿಬಿಟ್ಟಳು. ಬಸ್ಸಿಗೆ ಬಸ್ಸೇ ಕಿವಿಯಾಯಿತು. “ವಾಕ್ಯ ಹೇಳಿ, ಸರಿಯಿದೆಯಾ ನೋಡ್ತೀನಿ,” ಎಂದರು ಮೇಡಂ. ಲ್ಯುಬೆನ್ ಸುಟ್ಟ ಬೋಗಾಣಿಯನ್ನು ಒಂದೇ ಉಸಿರಿಗೆ ಬಿಟ್ಟ.

ಮೇಡಂ ಕನ್ನಡಕ ತೆಗೆದರು. “ಯಾವ ಪತ್ರಿಕೆ?”

“ಪತ್ರಿಕೆ ಅಲ್ಲ ಮೇಡಂ.”

“ಪತ್ರಿಕೆಯಲ್ಲಿ ಇಲ್ಲದ್ದು ನಿಮ್ಮ ಬಾಯಿಗೆ ಹೇಗೆ ಬಂತು?”

“ನಾನು ಹಾಕ್ದೆ,” ಎಂದ ಗೆಂಚೋ ಮಾಮ, ಎದೆ ಉಬ್ಬಿಸಿ. “ಈ ಮಾತಿಗೆ ಒಂದು ಕಾಲದಲ್ಲಿ ಕಾರ್ಡಿಫ್‌ನಲ್ಲಿ ಒಬ್ಳು ಅಳ್ತಾ ಕೂತಿದ್ಳು.”

“ಅಳೋದೇ ಮತ್ತೆ, ಇಂಥ ವ್ಯಾಕರಣ ಕೇಳಿದ್ರೆ!”

ಇಬ್ಬರೂ ಜಗಳಕ್ಕೆ ನಿಂತಾಗಲೇ ಟ್ರಾಲಿಯ ಕಂಬ ತಂತಿಯಿಂದ ಜಾರಿ, ಬಸ್ಸು ಉಸಿರು ಬಿಟ್ಟು ನಿಂತಿತು. ಡ್ರೈವರ್ ಇಳಿದು ಹಗ್ಗ ಎಳೆಯತೊಡಗಿದ. ಇಳಿದವರೆಲ್ಲ ಅವನಿಗೆ ಸಲಹೆ ಕೊಟ್ಟರು: ಎಡಕ್ಕೆ, ಬಲಕ್ಕೆ, ಸ್ವಲ್ಪ ಮೇಲಕ್ಕೆ, ನಮ್ಮ ಮಾವನೂ ಹೀಗೇ ಎಳೀತಿದ್ದ. ಐದೂ ಇಪ್ಪತ್ತೈದಾಯಿತು. ಲ್ಯುಬೆನ್ ಓಡಿದ. ಹಿಂದೆ ಚಿಕ್ಕಮ್ಮ, ಅವಳ ಹಿಂದೆ ಮಾಮ, ಎಲ್ಲರ ಹಿಂದೆ, ಏನಾಗುತ್ತದೋ ನೋಡಿಯೇಬಿಡೋಣ ಎಂದು ಅರ್ಧ ಬಸ್ಸು.

ಅವಳು ಮೂರನೆಯ ಬೋಗಿಯ ಕಿಟಕಿಯಲ್ಲಿದ್ದಳು. ಅದೇ ಹಸಿರು ಸ್ವೆಟರು. ಪ್ಲಾಟ್‌ಫಾರ್ಮಿನ ಬಾಗಿಲನ್ನೇ ನೋಡುತ್ತಿದ್ದಳು. ಯಾರಿಗೋ ಕಾದಿದ್ದವರ ನೋಟ. ಲ್ಯುಬೆನ್‌ನನ್ನು ಕಂಡದ್ದೇ ಅವಳ ಮುಖ ದೀಪ ಹಚ್ಚಿದಂತಾಯಿತು. ಗಾಜು ಕೆಳಗಿಳಿಸಿದಳು.

ಲ್ಯುಬೆನ್ ಏದುಸಿರಿನಲ್ಲೇ ಗೆಂಚೋ ಮಾಮನ ವಾಕ್ಯ ಹೇಳಿದ.

ಅವಳು ಕಣ್ಣು ಪಿಳಿಪಿಳಿ ಬಿಟ್ಟಳು. ಅವನು ಇನ್ನೊಮ್ಮೆ ಹೇಳಿದ, ಇನ್ನೂ ಜೋರಾಗಿ, ಇನ್ನಷ್ಟು ಮೂಗಿನಲ್ಲಿ. ಅವಳ ಮುಖ ಕೆಂಪಾಯಿತು.

‘ಒಂದು ಸ್ಪಷ್ಟೀಕರಣ,’ ಎಂದಳು ಅವಳು, ತನ್ನ ಆ ಸೊಗಸಾದ ಇಂಗ್ಲಿಷಿನಲ್ಲಿ. ‘ಪೆರುವಿನ ಹೇಳಿಕೆಯ ಒಂದು ಪದವೂ ಈ ನಿಯೋಗಕ್ಕೆ ಅರ್ಥವಾಗಿಲ್ಲ. ಬ್ರಿಟನ್ ಈವರೆಗೆ ಬ್ರಿಟನ್ನಿಗೆ ಭೇಟಿ ನೀಡಿಲ್ಲ. ನಮ್ಮ ನೆಲೆ ಲಾಟ್ವಿಯಾ. ರೀಗಾದಲ್ಲಿಯೂ ಇಂಗ್ಲಿಷಿನ ಏಕೈಕ ಮೂಲ ಪತ್ರಿಕೆ. ಅದು ನಾಲ್ಕು ವಾರ ತಡವಾಗಿ ತಲುಪುತ್ತದೆ.’

ಲ್ಯುಬೆನ್ ಕಿಟಕಿಯ ಚೌಕಟ್ಟು ಹಿಡಿದುಕೊಂಡ.

‘ಪೆರುವಿನ ಭಾಷೆ,’ ಅವಳ ದನಿ ಸಣ್ಣದಾಯಿತು, ‘ಮೊದಲ ದಿನದಿಂದಲೂ ನಮಗೆ ಪೂರ್ಣವಾಗಿ ಅರ್ಥವಾಗುತ್ತಿತ್ತು. ಬೇರೆ ಯಾವ ದೇಶದ್ದೂ ಹಾಗೆ ಅರ್ಥವಾಗಿರಲಿಲ್ಲ.’

ಈ ಭೂಮಿಯ ಮೇಲೆ ತನ್ನ ಭಾಷೆ ಆಡುವ ಒಬ್ಬಳೇ ಒಬ್ಬಳು ಈ ಕಿಟಕಿಯಲ್ಲಿದ್ದಾಳೆ! ಲ್ಯುಬೆನ್ ಬೆಳಗಿನ ಭಾಷಣಕ್ಕಾಗಿ ತಲೆಯೊಳಗೆಲ್ಲ ತಡಕಾಡಿದ. ಬಲ್ಲ ಮೂಲಗಳಿಲ್ಲ, ಆತಂಕವಿಲ್ಲ, ನಷ್ಟವಿಲ್ಲ. ಎಲ್ಲಿ ಕೈಯಿಟ್ಟರೂ ಸುಟ್ಟ ಬೋಗಾಣಿ. ರೈಲು ಸಿಳ್ಳೆ ಹಾಕಿತು. ಗಾಲಿ ಉರುಳಿತು. ಅವನು ಕಿಟಕಿಯ ಜೊತೆ ನಡೆದ, ಆಮೇಲೆ ಓಡಿದ.

‘ಕೊನೆಯ ಪ್ರಶ್ನೆ!’ ಅವಳು ಹೊರಗೆ ಬಾಗಿ ಕೂಗಿದಳು. ‘ಈ ಬಾಂಧವ್ಯ ಮುಂದುವರಿಯಬೇಕೆಂದು ಪೆರು ಬಯಸುತ್ತದೆಯೆ?’

ಮಾತಾಡಲು ಉಸಿರಿರಲಿಲ್ಲ. ಆದರೆ ಕತ್ತಿತ್ತು. ತನ್ನ ಇಡೀ ಜೀವವನ್ನು ಕತ್ತಿಗೆ ತಂದು, ಲ್ಯುಬೆನ್ ತಲೆಯನ್ನು ಎಡಕ್ಕೂ ಬಲಕ್ಕೂ, ಎಡಕ್ಕೂ ಬಲಕ್ಕೂ, ಟೊಪ್ಪಿ ಹಾರಿಹೋಗುವಷ್ಟು ಜೋರಾಗಿ ಆಡಿಸಿದ.

ಅವಳು ಒಂದು ಕ್ಷಣ ಅವನನ್ನೇ ನೋಡಿದಳು. ಆಮೇಲೆ ನಿಧಾನವಾಗಿ ಗಾಜು ಮೇಲಕ್ಕೆಳೆದಳು.

ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತವನನ್ನು ಬಸ್ಸಿನವರೆಲ್ಲ ಬಂದು ಮುತ್ತಿಕೊಂಡರು. “ಹೌದು ಅಂದ! ಎಷ್ಟು ಚೆನ್ನಾಗಿ ಹೌದು ಅಂದ, ನೋಡಿದ್ರಾ?” ಎಂದು ಚಿಕ್ಕಮ್ಮ ಕಣ್ಣೊರೆಸಿಕೊಂಡಳು. ಗುರುತಿಲ್ಲದವರೂ ಬೆನ್ನು ತಟ್ಟಿದರು. ಗೆಂಚೋ ಮಾಮನೊಬ್ಬ ಮಾತ್ರ ತನ್ನ ಕತ್ತು ಸವರಿಕೊಳ್ಳುತ್ತಿದ್ದ.

“ಲೋ,” ಎಂದ ಕೊನೆಗೆ. “ಹುಡುಗಿ ಎಲ್ಲಿಯವಳು ಅಂದೆ?”

“ರೀಗಾ.”

“ಕತ್ತು ಹೀಗೆ ಅಡ್ಡಡ್ಡ ಆಡಿಸಿದ್ರೆ ನಮ್ಮಲ್ಲಿ ಹೌದು ಕಣೋ. ಈ ದೇಶದ ಗಡಿ ದಾಟಿದ್ರೆ ಅದು ‘ಬೇಡ’. ಈ ಕತ್ತಿನಿಂದಾಗಿ ನಾನು ಮೂರು ಬಂದರಲ್ಲಿ ಏಟು ತಿಂದಿದೀನಿ.”

ದೂರದ ತಿರುವಿನಲ್ಲಿ ಕೊನೆಯ ಬೋಗಿಯ ಕೆಂಪು ದೀಪ ಚುಕ್ಕಿಯಷ್ಟಾಗಿತ್ತು.

“ಅಷ್ಟೇ ತಾನೆ?” ಚಿಕ್ಕಮ್ಮ ಸಾವರಿಸಿಕೊಂಡು ಅವನ ತೋಳು ಹಿಡಿದಳು. “ಈಗ್ಲೇ ಅಂಚೆ ಕಚೇರಿಗೆ ಹೋಗಣ. ಒಂದು ಕಾಗದ ಬರೆದ್ರೆ ಎಲ್ಲ ಸರಿಹೋಗತ್ತೆ ಮಗಾ. ಹೆಸರೇನು ಅವಳದು?”

ಲ್ಯುಬೆನ್ ಹಳಿಗಳನ್ನೇ ನೋಡುತ್ತ ನಿಂತ.

“ಬ್ರಿಟನ್,” ಎಂದ. ಆಮೇಲೆ ತಾನೇ ತಿದ್ದಿಕೊಂಡ: “ಅಲ್ಲ ಚಿಕ್ಕಮ್ಮ... ಲಾಟ್ವಿಯಾ.”