ಮಾವನವರ ಕ್ಯಾಲ್ಕುಲೇಟರೂ ನನ್ನ ಬೆರಳೂ

ಯಾವುದನ್ನೂ ಒಂದೇ ಸಲಕ್ಕೆ ನಂಬುವ ಜಾಯಮಾನ ನನ್ನದಲ್ಲ. ಬೀಗ ಹಾಕಿದ ಮೇಲೆ ಜಗ್ಗಿ ನೋಡುತ್ತೇನೆ, ಗ್ಯಾಸ್ ಆರಿಸಿದ ಮೇಲೆ ಮತ್ತೆ ಹೋಗಿ ಮುಟ್ಟಿ ನೋಡುತ್ತೇನೆ. ಅತ್ತಿಗುಪ್ಪೆ ಮೆಟ್ರೋ ಸ್ಟೇಷನ್ನಿನಲ್ಲಿ ಲಿಫ್ಟಿನ ಗುಂಡಿಯನ್ನು ಬೇರೆಯವರು ಒತ್ತಿದ್ದರೂ ನಾನೊಮ್ಮೆ ಒತ್ತಿದರೇ ಸಮಾಧಾನ. ಈ ಚಾಳಿ ಕೊನೆಗೆ ನನಗೇ ಮುಳುವಾದೀತೆಂದು ಎಣಿಸಿರಲಿಲ್ಲ.

ನನ್ನ ಮಾವನವರು ಕುರುಬರಹಳ್ಳಿಯಲ್ಲಿ ಪರದೆ ಹೊಲಿಯುತ್ತಿದ್ದರು. ಅವರ ಬಳಿ ದಪ್ಪ ಗುಂಡಿಗಳ ಕ್ಯಾಲ್ಕುಲೇಟರ್ ಒಂದಿತ್ತು. ಬೆಳಕಿಗೂ ನಡೆಯುತ್ತದೆ, ಸೆಲ್ಲಿಗೂ ನಡೆಯುತ್ತದೆ. ಎರಡು ಸೊನ್ನೆಗೆ ಒಂದೇ ಗುಂಡಿ. ಆರುವವರೆಗೂ, ಹಾಕಿದ ಲೆಕ್ಕವನ್ನು ಮೊದಲಿನಿಂದ ಒಂದೊಂದಾಗಿ ಮತ್ತೆ ತೋರಿಸುತ್ತದೆ. ಬೆಳಿಗ್ಗೆ ತಿಂದ ತಿಂಡಿ ಮಧ್ಯಾಹ್ನಕ್ಕೆ ನನಗೆ ನೆನಪಿರುವುದಿಲ್ಲ. ಅದಾದರೋ ತಾನಾಗಿ ಆರಿಕೊಂಡ ಮೇಲೂ ನೆನಪಿಟ್ಟ ಸಂಖ್ಯೆಯನ್ನು ಬಿಡುವುದಿಲ್ಲ. ನಮ್ಮ ಮನೆಯ ಕಿಟಕಿಗಳನ್ನು ಅಳೆದು, ಎಷ್ಟು ಮೀಟರ್ ಬಟ್ಟೆ ಬೇಕೆಂದು ಅದರಲ್ಲಿ ಕೂಡಿಟ್ಟ ಮಾವ, ಬಟ್ಟೆ ತರುವ ಮೊದಲೇ ತೀರಿಕೊಂಡರು. ಅಂದಿನಿಂದ ನನ್ನ ಹೆಂಡತಿ ಸರೋಜ ಅದನ್ನು ದೇವರ ಮನೆಯ ಗೂಡಿನಲ್ಲಿಟ್ಟಿದ್ದಾಳೆ. ಮೂಲೆಯಲ್ಲಿ ಸಣ್ಣದೊಂದು ‘ಎಂ’ ಕಂಡರೆ ಅಪ್ಪನ ಲೆಕ್ಕ ಒಳಗೆ ಭದ್ರವಾಗಿದೆ ಎಂದರ್ಥ. ಸಂಖ್ಯೆಯನ್ನು ಮಾತ್ರ ಅವಳು ತೆಗೆದು ನೋಡಿದವಳಲ್ಲ. ನೋಡಿದರೆ ಅಳು ಬರುತ್ತದಂತೆ.

ಹೋದ ತಿಂಗಳು ಅವಳೇ ಮನಸ್ಸು ಗಟ್ಟಿ ಮಾಡಿಕೊಂಡಳು. “ವಿಜಯನಗರಕ್ಕೆ ಹೋಗಿ ಪರದೆ ಬಟ್ಟೆ ತರೋಣ ಕಣ್ರೀ. ಅಪ್ಪ ಎಷ್ಟು ಮೀಟರ್ ಅಂದಿದ್ರು ಅಂತ ನೀವೇ ನೋಡಿ, ನನ್ ಕೈಲಾಗಲ್ಲ” ಎಂದು ಅಡುಗೆಮನೆಗೆ ಹೋದಳು.

ನೆನಪಿನ ಗುಂಡಿ ಒತ್ತಿದೆ. ಸಂಖ್ಯೆ ಬಂತು. ಬಂದದ್ದು ಸರಿಯೋ ಎಂದು ಇನ್ನೊಮ್ಮೆ ಒತ್ತಿದೆ. ಆ ಹಾಳು ಗುಂಡಿಯ ಗುಣ ನನಗೇನು ಗೊತ್ತು? ಒಮ್ಮೆ ಒತ್ತಿದರೆ ನೆನಪಿಸುತ್ತದೆ, ಬೆನ್ನಿಗೇ ಮತ್ತೊಮ್ಮೆ ಒತ್ತಿದರೆ ಮರೆತುಬಿಡುತ್ತದೆ. ‘ಎಂ’ ಮಾಯವಾಯಿತು. ಸಂಖ್ಯೆ ಇನ್ನೂ ಕಣ್ಣೆದುರೇ ಇತ್ತು. ಅಷ್ಟಕ್ಕೆ ಸುಮ್ಮನಿದ್ದರೆ ಬದುಕಿಕೊಳ್ಳುತ್ತಿದ್ದೆ. ಗಾಬರಿಯಲ್ಲಿ ಮತ್ತೂ ಒಮ್ಮೆ ಒತ್ತಿದೆ. ಸೊನ್ನೆ.

ಈಗಷ್ಟೇ ಕಂಡದ್ದು ಎಷ್ಟು? ಇಪ್ಪತ್ತೇಳೂವರೆಯೋ? ಇಪ್ಪತ್ತೈದೂವರೆಯೋ? ಸತ್ತವರು ಮಗಳಿಗೆಂದು ಬಿಟ್ಟುಹೋದ ಕೊನೆಯ ಲೆಕ್ಕವನ್ನು ಒರೆಸಿಹಾಕಿದ ಪಾಪಿ ನಾನು.

“ರೀ, ಎಷ್ಟಂತೆ?” ಅಡುಗೆಮನೆಯಿಂದ ಕೂಗು ಬಂತು.

“ಇಪ್ಪತ್ತೈದೂವರೆ ಕಣೇ!” ಎಂದುಬಿಟ್ಟೆ. ಬೆರಳು ಅದನ್ನೇ ಒತ್ತಿ ನೆನಪಿಗೆ ಸೇರಿಸಿತು. ‘ಎಂ’ ಏನೂ ಆಗಿಲ್ಲವೆಂಬಂತೆ ಮತ್ತೆ ಮೂಡಿತು.

ಪರದೆ ಹೊಲಿದು ಬಂತು. ತೂಗುಹಾಕಿದರೆ ಮಲಗುವ ಕೋಣೆಯ ಕಿಟಕಿಗೆ ಒಂದು ಗೇಣು ಗಿಡ್ಡ. ನಿಜ ಹೇಳಿಬಿಡೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಸರೋಜ ಪರದೆಯ ಅಂಚನ್ನು ಸವರುತ್ತ, “ಅಪ್ಪನ ಲೆಕ್ಕ ತಪ್ಪೋ ಮಾತೇ ಇಲ್ಲ. ಆ ಕಿಟಕಿ ಇಟ್ಟೋರೇ ಅಳತೆ ತಪ್ಪಿ ಇಟ್ಟಿದಾರೆ ಕಣ್ರೀ” ಎಂದು ಕಣ್ಣೊರೆಸಿಕೊಂಡಳು. ತೆರೆದ ಬಾಯಿಯನ್ನು ಹಾಗೇ ಮುಚ್ಚಿಕೊಂಡೆ.

ಈಗ ದಿನಾ ಬೆಳಿಗ್ಗೆ ಆ ಗೇಣುದ್ದದ ಸಂದಿಯಿಂದ ಬಿಸಿಲು ನೇರವಾಗಿ ನನ್ನ ಮುಖಕ್ಕೇ ಹೊಡೆಯುತ್ತದೆ. ಕಣ್ಣು ಕಿರಿದು ಮಾಡಿಕೊಂಡು ಮಲಗಿರುತ್ತೇನೆ. ಮದುವೆಯಾದಂದಿನಿಂದ ನಾನು ಹಾಕಿದ ಲೆಕ್ಕವೊಂದನ್ನು ಈ ಮನೆಯಲ್ಲಿ ತಕರಾರಿಲ್ಲದೆ ಸರಿಯೆಂದು ಒಪ್ಪಿಕೊಂಡಿರುವುದು ಇದೇ ಮೊದಲು.